ಹಳೆಯ ಮೂಳೆ ಆಮ್ಲದಲ್ಲಿ ಪೂರ್ತಿ ಕರಗಿಹೋಯಿತು: ತಪ್ಪು ನನ್ನದೇ?

ಧಾರವಾಡದ ಹುಡುಗಿ:
ಪುಣೆಯಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮೂಳೆಯಿಂದ ಕೊಲಾಜನ್ (ಮೂಳೆಯ ಮುಖ್ಯ ಪ್ರೋಟೀನ್) ತೆಗೆಯುವುದು ಕೆಲಸ. ಕೈ ಪಳಗಲಿ ಎಂದು ಮೊದಲು ಖಡಕಿಯ ಮಟನ್ ಅಂಗಡಿಯಿಂದ ಕುರಿಯ ಕಾಲುಮೂಳೆ ತಂದೆ. ಮಜ್ಜೆಯನ್ನೆಲ್ಲ ಕೆರೆದು, ಕಡಲೆಬೇಳೆಯಷ್ಟು ಚೂರನ್ನು 0.6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟೆ. ಕೆಲವು ದಿನಗಳಲ್ಲಿ ಸುಣ್ಣದ ಭಾಗ ಬಿಟ್ಟುಹೋಗಿ, ಚಿಮುಟದಲ್ಲಿ ಹಿಡಿದರೆ ಬಾಗುವ ರಬ್ಬರಿನಂಥ ತುಣುಕು ಉಳಿಯಿತು. ಎಷ್ಟು ಖುಷಿಯಾಯಿತೆಂದರೆ ಅಮ್ಮನಿಗೆ ಫೋಟೋ ಕಳಿಸಿದೆ. (ಅವಳು ಊಟ ಬಿಟ್ಟಳಂತೆ.)

ಆಮೇಲೆ ಮಾರ್ಗದರ್ಶಕರು ಕೊಟ್ಟ ತಾಮ್ರಶಿಲಾಯುಗದ ಚೂರು. ಅದೇ ಆಮ್ಲ, ಅದೇ ಫ್ರಿಜ್. ಹಾಕಿದೊಡನೆ ಗುಳ್ಳೆ ಎದ್ದವು. ಮರುದಿನ ಬೆಳಿಗ್ಗೆ ನೋಡಿದರೆ ಟ್ಯೂಬಿನ ತಳದಲ್ಲಿ ಕಂದು ಮಣ್ಣಿನ ಗೆರೆಯೊಂದೇ. ಮೂರು ಸಾವಿರ ವರ್ಷ ಉಳಿದದ್ದನ್ನು ಒಂದೇ ರಾತ್ರಿಯಲ್ಲಿ ಕಳೆದೆನೇ?

ಇನ್ನೊಂದು ಗೊಂದಲ. ಕುರಿಯ ಮೂಳೆಯ ಮಾಲ್ಡಿ ಗ್ರಾಫಿನಲ್ಲಿ (ಕೊಲಾಜನ್ ತುಣುಕುಗಳ ತೂಕ ತೋರಿಸುವ ಗ್ರಾಫ್) 3033ರ ಗೆರೆ ಇಲ್ಲ, 3093ರಲ್ಲಿದೆ. ಮಾದರಿ ಕೆಟ್ಟಿದೆಯೇ?

ಪಾಷಾಣ್ ರಸ್ತೆಯವಳು:
ಸುಲಭದ್ದನ್ನು ಮೊದಲು ಹೇಳುತ್ತೇನೆ ತಂಗಿ. ಮಾದರಿ ಕೆಟ್ಟಿಲ್ಲ. ಈ ಊರಿನಲ್ಲಿ ಮಟನ್ ಎಂದರೆ ಹೆಚ್ಚಾಗಿ ಬೋಕಡ, ಅಂದರೆ ನಮ್ಮ ಹೋತ. ಕುರಿಯ ಗುರುತು 3033, ಮೇಕೆಯದು 3093. ಅಂಗಡಿಯಲ್ಲಿ ನೀನು ಕೇಳಿದ್ದು ಕುರಿ, ಚೀಲಕ್ಕೆ ಬಿದ್ದದ್ದು ಮೇಕೆ. ಈ ಎರಡರ ಮೂಳೆ ಚೂರಾದರೆ ಅನುಭವಿಗಳಿಗೂ ಬೇರ್ಪಡಿಸುವುದು ಕಷ್ಟ. ನಿನ್ನ ಟ್ರಿಪ್ಸಿನ್, ಅಂದರೆ ಪ್ರೋಟೀನ್ ತುಂಡರಿಸುವ ಕಿಣ್ವ, ಸರಿಯಾಗಿ ಕತ್ತರಿಸಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹಳೆಯ ಚೂರನ್ನು ನೀನು ಕಳೆಯಲಿಲ್ಲ, ಅದರೊಳಗೆ ಕೊಲಾಜನ್ ಬಹುಶಃ ಉಳಿದೇ ಇರಲಿಲ್ಲ. ಕಾಲಿನ ಸೂಪು ಆರಿದಾಗ ಕಟ್ಟುತ್ತದಲ್ಲ, ಆ ಜಿಗುಟು ಕೊಲಾಜನ್‌ನಿಂದ ಬಂದದ್ದು. ನಮ್ಮ ಕಡೆಯ ಕಪ್ಪು ಮಣ್ಣಿನಲ್ಲಿ ಬೇಸಿಗೆಗೆ ಬಿರುಕು, ಮಳೆಗಾಲಕ್ಕೆ ಕೆಸರು. ಸಾವಿರಾರು ಸಲ ನೆನೆದು ಒಣಗಿ, ಸೂಕ್ಷ್ಮಜೀವಿಗಳಿಗೂ ಆಹಾರವಾಗಿ ಕೊಲಾಜನ್ ಹೋಗುತ್ತದೆ, ಖನಿಜ ಮಾತ್ರ ಮೂಳೆಯ ಆಕಾರದಲ್ಲಿ ನಿಂತಿರುತ್ತದೆ. ಆ ಖನಿಜವನ್ನು ಆಮ್ಲ ಕರಗಿಸಿದರೆ ಉಳಿಯಲು ಏನಿದೆ? ಘೋಡ್ ನದಿಯ ದಂಡೆಯ ಇನಾಮಗಾಂವನ್ನು ನೆನೆಸಿಕೋ. ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಅಗೆದ ಜಾಗ, ಅದೂ ತಾಮ್ರಶಿಲಾಯುಗದ್ದೇ. ಅಂಥ ಬಿಸಿಲಿನ ನೆಲದ ಮೂಳೆ ಕೈಗೆ ಬಂದಾಗ ನಾನು ಮೊದಲು ಆಮ್ಲದ ಬಾಟಲಿ ಮುಟ್ಟುವುದೇ ಇಲ್ಲ.

ಕೆಲವೇ ಮಿಲಿಗ್ರಾಂ ಪುಡಿಯಲ್ಲಿ ಸಾರಜನಕ ಅಳೆಸು, ಮೂಳೆಯಲ್ಲಿ ಅದು ಹೆಚ್ಚಾಗಿ ಕೊಲಾಜನ್‌ನದೇ. ಹೊಸ ಮೂಳೆಯಲ್ಲಿ ಶೇಕಡಾ 4ರ ಆಸುಪಾಸು ಇರುತ್ತದೆ, 0.7ಕ್ಕಿಂತ ಕೆಳಗಿದ್ದರೆ ಆಸೆ ಇಟ್ಟುಕೊಳ್ಳಬೇಡ. ಮೇಲಿದ್ದರೂ ಮೊದಲು 50 ಮಿಲಿಮೋಲಾರ್ ಅಮೋನಿಯಂ ಬೈಕಾರ್ಬೊನೇಟಿನಲ್ಲಿ (ಮೂಳೆಯನ್ನು ಕರಗಿಸದ ಸೌಮ್ಯ ದ್ರಾವಣ) 65 ಡಿಗ್ರಿಗೆ ಒಂದು ಗಂಟೆ ಇಡು. ಬಿಟ್ಟ ದ್ರವವನ್ನು ಪರೀಕ್ಷೆಗೆ ತೆಗೆದುಕೊಂಡರೂ ಚೂರು ಉಳಿಯುತ್ತದೆ. ಕಳೆದುಕೊಳ್ಳುವ ಭಯವಿದ್ದವರಿಗೆ ಇದೇ ಒಳ್ಳೆಯದು.

ನಿರಾಶಳಾಗಬೇಡ. ಹರಿಯಾಣದ ಹರಪ್ಪ ಕಾಲದ ಊರು ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಮಾದರಿ ನೋಡಿದ ಮೇಲೆ ಓದಬಹುದಾದ ಡಿಎನ್‌ಎ ಸಿಕ್ಕಿದ್ದು ಒಂದರಲ್ಲಿ. 2019ರಲ್ಲಿ ಪ್ರಕಟವಾದದ್ದು ಆ ಒಂದೇ.

ಬೆಳಗಾವಿಕರ್:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಚೂರಿನ ಮೇಲೆ ಹೊಳಪು ಇತ್ತೇ? ಹಿಂದೆ ಅಗೆದ ಮೂಳೆ ಪುಡಿಯಾಗದಿರಲೆಂದು ಅಂಟು ಬಳಿಯುತ್ತಿದ್ದರು. ಪ್ರಾಣಿಗಳ ಚರ್ಮ, ಮೂಳೆಯಿಂದ ಕುದಿಸಿದ ಅಂಟಾದರೆ ಅದೂ ಕೊಲಾಜನ್ನೇ. ಆಗ ಜಿಂಕೆಯ ಮೂಳೆಯಿಂದ ಹಸು ಹೊರಬರುತ್ತದೆ! ಮೂಳೆ ಹಾಕದ ಖಾಲಿ ಟ್ಯೂಬೊಂದನ್ನೂ ಪ್ರತಿ ಹಂತದಲ್ಲಿ ಜೊತೆಗೆ ನಡೆಸಿ. ನನ್ನ ಖಾಲಿ ಟ್ಯೂಬಿನಲ್ಲಿ ಒಮ್ಮೆ ಸಿಕ್ಕಿದ್ದು ಕೆರಾಟಿನ್ (ಚರ್ಮ, ಉಗುರಿನ ಪ್ರೋಟೀನ್), ನನ್ನದೇ ಬೆರಳಿನದು.

ಪಾಷಾಣ್ ರಸ್ತೆಯವಳು:
ಅದೇ ಗುಂಡಿಯ ಹಲ್ಲು ಇದ್ದರೆ ಕೇಳು ತಂಗಿ. ಹಲ್ಲಿನ ಎನಾಮೆಲ್‌ನಲ್ಲಿ ಪ್ರೋಟೀನ್ ಕಡಿಮೆ, ಆದರೆ ಖನಿಜದ ಹರಳುಗಳ ನಡುವೆ ಭದ್ರವಾಗಿರುತ್ತದೆ. ಜಾರ್ಜಿಯಾದ ದ್ಮಾನಿಸಿಯಲ್ಲಿ 17.7 ಲಕ್ಷ ವರ್ಷ ಹಳೆಯ ಘೇಂಡಾಮೃಗದ ಹಲ್ಲಿನಿಂದ ಓದಿದ್ದಾರೆ.

ಧಾರವಾಡದ ಹುಡುಗಿ:
ಹೊಳಪು ಇರಲಿಲ್ಲ. ಖಾಲಿ ಟ್ಯೂಬ್ ಇಟ್ಟಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಅದೇ ಪೊಟ್ಟಣದಲ್ಲಿ ಒಂದು ದವಡೆಹಲ್ಲು ಇದೆ, ಸೋಮವಾರ ಕೇಳುತ್ತೇನೆ. ಮಟನ್ ಅಂಗಡಿಯವರಿಗೆ ಗ್ರಾಫ್ ತೋರಿಸಲೇ ಎಂದು ಯೋಚಿಸುತ್ತಿದ್ದೇನೆ.