ಏಳು ಚಕ್ರಕ್ಕೆ ಏಳು ಗಾಂಗ್ ಬೇಕಾ? ಒಂದು ಪ್ರಶ್ನೋತ್ತರ

ಪ್ರಶ್ನೆ (ಯೋಗ ಶಿಕ್ಷಕಿ, ಚಿತ್ರದುರ್ಗ):

ನಮಸ್ತೆ ಅಕ್ಕಾ. ಮನೆ ಮಹಡಿ ಮೇಲೆ ಯೋಗ ತರಗತಿ ನಡೆಸುತ್ತೇನೆ. ಬೆಳಿಗ್ಗೆ ಹದಿನೈದು ಜನ ಬರುತ್ತಾರೆ. ಹೋದ ತಿಂಗಳು ದಾವಣಗೆರೆಯಲ್ಲಿ ನಿಮ್ಮ ಗಾಂಗ್ ಧ್ಯಾನಕ್ಕೆ ಬಂದಿದ್ದೆ. ತೂಗುಹಾಕಿದ ಆ ದೊಡ್ಡ ಲೋಹದ ತಟ್ಟೆಯನ್ನು ನೀವು ನುಡಿಸಿದಿರಿ, ನಾವು ಮಲಗಿ ಕೇಳಿದೆವು. ಆವತ್ತು ರಾತ್ರಿ ಎಷ್ಟೋ ದಿನದ ಮೇಲೆ ಗಾಢ ನಿದ್ದೆ ಬಂತು. ನಾನೂ ಶುರು ಮಾಡಬೇಕು ಅಂತಿದ್ದೇನೆ. ಮಾರುವವರೊಬ್ಬರು "ಏಳು ಚಕ್ರಕ್ಕೆ ಏಳು ಗಾಂಗ್, ಪೂರ್ತಿ ಸೆಟ್ ತಗೊಳ್ಳಿ, ಒಂದೇ ತಗೊಂಡರೆ ಪ್ರಯೋಜನ ಇಲ್ಲ" ಅಂದರು. ಒಂದೊಂದೂ 12 ಇಂಚು. ಕೂಡಿಟ್ಟ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. ತಗೊಳ್ಳಲಾ?

ಉತ್ತರ:

ಬೇಡಮ್ಮ. ಆ ದುಡ್ಡಿಗೆ ಒಂದೇ ಒಂದು ದೊಡ್ಡ, ಒಳ್ಳೆಯ ಗಾಂಗ್ ತಗೊಳ್ಳಿ.

ಹನ್ನೊಂದು ವರ್ಷದ ಹಿಂದೆ ನಾನೂ ಇಂಥದ್ದೇ ಸೆಟ್ ತಂದಿದ್ದೆ. ಪ್ರತಿಯೊಂದರ ಬೆನ್ನಿಗೂ ಒಂದು ಸ್ಟಿಕ್ಕರ್: ಬೆನ್ನುಮೂಳೆಯ ಬುಡದ ಮೂಲಾಧಾರ, ಸ್ವಾಧಿಷ್ಠಾನ, ಮಣಿಪೂರ, ಹೀಗೆ ನೆತ್ತಿಯ ಸಹಸ್ರಾರದವರೆಗೆ. ಮನೆಗೆ ತಂದು ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಹಾಕಿ ನೋಡಿದೆ. ಅನಾಹತ ಅಂತ ಬರೆದದ್ದೂ ವಿಶುದ್ಧ ಅಂತ ಬರೆದದ್ದೂ ಹೆಚ್ಚುಕಡಿಮೆ ಒಂದೇ ಸ್ವರ. ಎಲ್ಲಕ್ಕಿಂತ ಕೆಳಗಿರಬೇಕಾದ ಮೂಲಾಧಾರದ್ದು ಎಲ್ಲಕ್ಕಿಂತ ಕೀಚಲು. ಅಷ್ಟು ಚಿಕ್ಕ ತಟ್ಟೆಯಿಂದ ಹೊಟ್ಟೆಗೆ ತಾಗುವಂಥ ಮಂದ್ರ ನಾದ ಬರುವುದಿಲ್ಲ. ಆ ಏಳೂ ಈಗ ಅಟ್ಟದ ಮೇಲಿವೆ.

ಸ್ವರ ಸರಿಯಾಗಿದ್ದರೂ ಕಥೆ ಅಷ್ಟೇ. ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿದರೆ ಒಂದು ಸ್ವರ. ಗಾಂಗ್ ಹಾಗಲ್ಲ. ಬಡಿದ ಕೂಡಲೇ ತಳದ ನಾದ ಏಳುತ್ತದೆ. ಆಮೇಲೆ ಆ ಕಂಪನ ಮೇಲಿನ ಸ್ವರಗಳಿಗೆ ಹರಡುತ್ತಾ ಹೋಗುತ್ತದೆ. ಮಳೆ ಬಂದಾಗ ತಗಡಿನ ಮೇಲೆ ಸದ್ದು ದಟ್ಟವಾಗುವ ಹಾಗೆ ಒಂದೆರಡು ಸೆಕೆಂಡಿನಲ್ಲಿ ಕೋಣೆ ತುಂಬುತ್ತದೆ. ಒಂದೇ ಪೆಟ್ಟಿನಲ್ಲಿ ನೂರಾರು ಸ್ವರ ಇರುವಾಗ ಇದು ಈ ಚಕ್ರದ್ದು, ಅದು ಆ ಚಕ್ರದ್ದು ಅಂತ ಹಂಚುವುದು ಹೇಗೆ?

ಇನ್ನೊಂದು ಮಾತು. ಯಾವ ಚಕ್ರಕ್ಕೆ ಯಾವ ಸ್ವರ ಅನ್ನುವುದರಲ್ಲೇ ಒಮ್ಮತ ಇಲ್ಲ. ಕೆಲವರು ಪಾಶ್ಚಾತ್ಯ ಸಪ್ತಕವನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸುತ್ತಾರೆ. ಇನ್ನು ಕೆಲವರು ಗ್ರಹಗಳ ಲೆಕ್ಕ ಹಿಡಿಯುತ್ತಾರೆ. ಸ್ವಿಟ್ಜರ್ಲೆಂಡಿನ ಹಾನ್ಸ್ ಕುಸ್ಟೊ 1978ರಲ್ಲಿ ಮಾಡಿದ ಲೆಕ್ಕ ಅದು. ಭೂಮಿ ಸೂರ್ಯನನ್ನು ಸುತ್ತುವ ಒಂದು ವರ್ಷವನ್ನು ಒಂದು ಕಂಪನ ಅಂತ ಹಿಡಿದು 32 ಸಲ ದುಪ್ಪಟ್ಟು ಮಾಡಿದರೆ 136.1 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ, ಬರುತ್ತದೆ. ಗಾಂಗ್ ತಯಾರಿಸುವ ಪೈಸ್ಟೆ ಕಂಪನಿಯ ಗ್ರಹ ಗಾಂಗ್‌ಗಳು ಇದೇ ಲೆಕ್ಕದಲ್ಲಿ ಶ್ರುತಿ ಮಾಡಿದವು. ನಾದ ಚೆನ್ನಾಗಿರುತ್ತದೆ, ಬೆಲೆಯೂ ಜಾಸ್ತಿ. ಆದರೆ ಅದು ನಮ್ಮ ಹಳೆಯ ಗ್ರಂಥದ ಲೆಕ್ಕ ಅಲ್ಲ. 1577ರಲ್ಲಿ ಪೂರ್ಣಾನಂದರು ಬರೆದ ಷಟ್ಚಕ್ರನಿರೂಪಣದಲ್ಲಿ ಪ್ರತಿ ಚಕ್ರಕ್ಕೂ ದಳ ಎಷ್ಟು, ಬೀಜಾಕ್ಷರ ಯಾವುದು, ದೇವತೆ ಯಾರು ಅಂತಿದೆ. ಹರ್ಟ್ಸ್ ಇಲ್ಲ. ಇವತ್ತಿನ ಪೋಸ್ಟರಿನ ಕಾಮನಬಿಲ್ಲೂ ಇಲ್ಲ. ಅಲ್ಲಿ ಮಣಿಪೂರದ ಹತ್ತು ದಳಗಳು ಮಳೆಮೋಡದ ಬಣ್ಣ, ಹಳದಿ ಅಲ್ಲ. ಗಾಂಗ್ ಮತ್ತು ಯೋಗ ಒಟ್ಟಿಗೆ ಸೇರಿದ್ದು ಬಹುಮಟ್ಟಿಗೆ 1969ರಿಂದೀಚೆಗೆ, ಅಮೆರಿಕದಲ್ಲಿ ಯೋಗಿ ಭಜನ್ ಅವರ ಕುಂಡಲಿನಿ ಯೋಗದ ತರಗತಿಗಳ ಮೂಲಕ.

ಹಾಗಾದರೆ ಚಕ್ರದ ಮಾತು ಸುಳ್ಳಾ? ನನಗೆ ಹಾಗೆ ಅನ್ನಿಸುವುದಿಲ್ಲ. ನಾನು ಪ್ರತಿ ಸೆಷನ್ನಿನಲ್ಲೂ ಮೂಲಾಧಾರದಿಂದ ಸಹಸ್ರಾರಕ್ಕೇ ಹೋಗುತ್ತೇನೆ. ಒಂದು ಚಕ್ರದ ಜಾಗಕ್ಕೆ ಗಮನ ಕೊಡಿ ಅಂತ ಹೇಳುತ್ತೇನೆ, ಬೀಜಾಕ್ಷರ ಹೇಳಿಸುತ್ತೇನೆ (ಲಂ, ವಂ, ರಂ, ಯಂ, ಹಂ, ಓಂ), ಆಮೇಲೆ ಅದೇ ಒಂದು ಗಾಂಗ್ ನುಡಿಸುತ್ತೇನೆ. ಸಹಸ್ರಾರದಲ್ಲಿ ಏನೂ ಹೇಳಿಸುವುದಿಲ್ಲ. ಗಮನವನ್ನು ಮೇಲಕ್ಕೆ ಒಯ್ಯುವುದು ಮಲಗಿದವರ ಕೆಲಸ. ಬೇರೆ ಯೋಚನೆ ನುಗ್ಗದ ಹಾಗೆ ಸುತ್ತ ಬೇಲಿ ಹಾಕುವುದು ಗಾಂಗ್ ಕೆಲಸ.

ಪ್ರಶ್ನೆ (ಅದೇ ಶಿಕ್ಷಕಿ):

ಸರಿ ಅಕ್ಕಾ, ಒಂದೇ ತಗೊಳ್ಳುತ್ತೇನೆ. ಯಾವ ಥರದ್ದು, ಎಷ್ಟು ದೊಡ್ಡದು? ಅಂಗಡಿಯಲ್ಲಿ ಹೇಗೆ ಪರೀಕ್ಷೆ ಮಾಡಲಿ?

ಉತ್ತರ:

ಹದಿನೈದು ಜನರ ಮಹಡಿ ಕೋಣೆಗೆ 28 ಇಂಚು ಸಾಕು. ದೊಡ್ಡ ಹಾಲ್ ಆದರೆ ಮಾತ್ರ 32. ಅದು 10 ಕಿಲೋಗಿಂತ ಜಾಸ್ತಿ ತೂಗುತ್ತದೆ, ಒಬ್ಬರೇ ಮೆಟ್ಟಿಲು ಹತ್ತಿಸುವುದು ಕಷ್ಟ.

ಚೀನಾದ ಚೌ ಗಾಂಗ್‌ನಿಂದ ಶುರು ಮಾಡಿ. ನಡುವೆ ಕಪ್ಪು ವೃತ್ತ, ಸುತ್ತ ಹೊಳೆಯುವ ಪಟ್ಟಿ, ಅಂಚು ಹಿಂದಕ್ಕೆ ಮಡಿಸಿದ್ದು. ಕಂಚಿನದು, ಸುಮಾರು 80 ಭಾಗ ತಾಮ್ರ, 20 ಭಾಗ ತವರ. ನಾದ ಆಳವಾಗಿ, ನಿಧಾನವಾಗಿ ಏಳುತ್ತದೆ. ವಿಂಡ್ ಗಾಂಗ್ ಅಂತ ಇನ್ನೊಂದಿದೆ. ಚಪ್ಪಟೆ, ತೆಳು, ಹಗುರ. ಮುಟ್ಟಿದರೆ ಸಾಕು ಭರ್ರನೆ ಹೊರಡುತ್ತದೆ. ಕೈ ಪಳಗದವರಿಗೆ ಅದನ್ನು ಹಿಡಿತದಲ್ಲಿ ಇಡುವುದು ಕಷ್ಟ. ನಡುವೆ ಉಬ್ಬು ಇರುವ ಬರ್ಮಾ, ಜಾವಾ ಕಡೆಯ ಗಾಂಗ್ ಒಂದು ಸ್ಪಷ್ಟ ಸ್ವರ ಕೊಡುತ್ತದೆ. ಇಂಪಾಗಿರುತ್ತದೆ, ಆದರೆ ಕೋಣೆ ತುಂಬುವ ಅಲೆ ಅದರಲ್ಲಿ ಸಿಗುವುದಿಲ್ಲ. ಅಲಂಕಾರಕ್ಕೆ ಅಂತ ಮಾರುವ ಹಿತ್ತಾಳೆ ತಟ್ಟೆ ಬೇಡವೇ ಬೇಡ.

ಪರೀಕ್ಷೆಗೆ ಮೆತ್ತನೆ ಮ್ಯಾಲೆಟ್ (ಗಾಂಗ್ ಬಡಿಯುವ ಕೋಲು) ಕೇಳಿ. ತೂಗುಹಾಕಿಸಿ, ಮೆಲ್ಲಗೆ ಒಂದು ಪೆಟ್ಟು ಕೊಟ್ಟು ಗಡಿಯಾರ ನೋಡಿ. ನಾದ ಅರ್ಧ ನಿಮಿಷಕ್ಕೂ ಮೊದಲೇ ಸತ್ತುಹೋದರೆ ಬಿಟ್ಟುಬಿಡಿ. ಝರ್ ಅನ್ನುವ ಕೆರಕಲು ಸದ್ದು ಬಂದರೆ ಅಂಚಿನಲ್ಲೋ ದಾರದ ತೂತಿನ ಹತ್ತಿರವೋ ಬಿರುಕು ಬಿಟ್ಟಿರಬಹುದು, ಬೆರಳಾಡಿಸಿ ನೋಡಿ. ಮೆಲ್ಲಗೆ ಬಡಿದಾಗಲೂ ಇಂಪಾಗಿರಬೇಕು. ಜೋರಾಗಿ ಬಡಿದರೆ ಎಲ್ಲ ಗಾಂಗೂ ಭಾರಿಯಾಗೇ ಕೇಳುತ್ತದೆ.

ಸ್ಟ್ಯಾಂಡನ್ನು ನಿಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ಚೌಕ ಪೈಪಿನಲ್ಲಿ ಮಾಡಿಸಿ. ತಳ ಅಗಲ ಇರಲಿ. ತಂತಿಯಲ್ಲಿ ಕಟ್ಟಬೇಡಿ, ಗಟ್ಟಿ ನೈಲಾನ್ ಹಗ್ಗ ಹಾಕಿ.

ಪ್ರಶ್ನೆ (ಹರಿಹರದಿಂದ ಒಬ್ಬ ಯುವಕ):

ಮೇಡಂ, ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜಾಗಟೆ ಇದೆ. ಅದೂ ಗಾಂಗೇ ಅಲ್ವಾ? ಅದನ್ನೇ ಬಳಸಬಹುದಾ?

ಉತ್ತರ:

ಹೌದು, ಜಾಗಟೆ ಗಾಂಗಿನ ಹತ್ತಿರದ ನೆಂಟ. ಆದರೆ ಅದರ ಗುಣ ಬೇರೆ. ಚಿಕ್ಕದು, ದಪ್ಪ, ಮರದ ಕೋಲಿನಿಂದ ಬಡಿಯುವುದು. ಮಂಗಳಾರತಿ ಹೊತ್ತಿನಲ್ಲಿ ಬೀದಿ ಕೊನೆಗೂ ಕೇಳಬೇಕು, ದಾಸಯ್ಯ ಬಂದ ಅಂತ ಒಳಮನೆಗೂ ಗೊತ್ತಾಗಬೇಕು. ಮನುಷ್ಯನನ್ನು ಎಚ್ಚರಿಸುವುದಕ್ಕೇ ಅದು ಹುಟ್ಟಿದ್ದು. ಮಲಗಿದವರ ಕಿವಿ ಪಕ್ಕ ಬಡಿದರೆ ಬೆಚ್ಚಿಬೀಳುತ್ತಾರೆ. ಸೆಷನ್ ಶುರುವಿನಲ್ಲಿ ದೂರ ನಿಂತು ಒಂದೇ ಒಂದು ಸಲ ಬಡಿಯಿರಿ, ಆ ನಾದ ಪೂರ್ತಿ ನಿಲ್ಲುವವರೆಗೆ ಎಲ್ಲರೂ ಕೇಳಲಿ. ನಾನೂ ಹಾಗೇ ಮಾಡುತ್ತೇನೆ. ಅಜ್ಜನ ಜಾಗಟೆ ಜೋಪಾನ.

ಪ್ರಶ್ನೆ (ಯೋಗ ಶಿಕ್ಷಕಿ, ಚಿತ್ರದುರ್ಗ):

ನುಡಿಸುವುದು ಹೇಗೆ ಅಕ್ಕಾ? ವಿಡಿಯೋ ನೋಡಿದರೆ ಒಬ್ಬೊಬ್ಬರದು ಒಂದೊಂದು ಥರ.

ಉತ್ತರ:

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ತಪ್ಪು ಮಾಡಿದ್ದು ಇಲ್ಲೇ.

ಮೊದಲ ವರ್ಷ, ಒಂದು ಸಂಜೆ. ಜನ ಮಲಗಿದ್ದರು. ನಾನು ಹುರುಪಿನಲ್ಲಿ ಮೊದಲ ಪೆಟ್ಟನ್ನೇ ಜೋರಾಗಿ ಕೊಟ್ಟೆ. ಮುಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು ಕೂತು ಎರಡೂ ಕಿವಿ ಮುಚ್ಚಿಕೊಂಡರು. ಮೂರು ದಿನ ಕಿವಿ ಗುಂಯ್ ಅನ್ನುತ್ತಿತ್ತಂತೆ. ಮತ್ತೆ ಅವರು ಬರಲಿಲ್ಲ. ಅವರ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಈಗ ಹೀಗೆ ಮಾಡುತ್ತೇನೆ. ಜನ ಬರುವ ಮೊದಲೇ ಗಾಂಗನ್ನು ಎಬ್ಬಿಸುತ್ತೇನೆ. ಮ್ಯಾಲೆಟ್ ತಲೆಯನ್ನು ತಟ್ಟೆಗೆ ಬರೀ ತಾಗಿಸುವುದು, ಸುತ್ತಲೂ ಹತ್ತು ಹನ್ನೆರಡು ಸಲ. ಕಿವಿಗೆ ಏನೂ ಕೇಳುವುದಿಲ್ಲ. ಅಂಚಿನ ಹತ್ತಿರ ಅಂಗೈ ಹಿಡಿದರೆ ಮಾತ್ರ ಜುಮ್ಮನ್ನುವುದು ಗೊತ್ತಾಗುತ್ತದೆ. ಆಗ ಗಾಂಗ್ ತಯಾರು. ಎಬ್ಬಿಸದೆ ಜೋರಾಗಿ ಬಡಿದರೆ ನಾದ ಒರಟಾಗುತ್ತದೆ, ಲೋಹಕ್ಕೂ ಒಳ್ಳೆಯದಲ್ಲ.

ನಟ್ಟನಡುವೆ ಬಡಿಯಬೇಡಿ, ಅಲ್ಲಿ ಸದ್ದು ಮೊಂಡು. ನಡುವಿನಿಂದ ನಾಲ್ಕು ಬೆರಳು ಕೆಳಗೆ ಒಳ್ಳೆಯ ಜಾಗ. ಅಂಚಿನ ಕಡೆ ಹೋದಷ್ಟೂ ಮೇಲಿನ ಸ್ವರಗಳು ಜಾಸ್ತಿ. ನಾನು ಮೂಲಾಧಾರಕ್ಕೆ ನಡುವಿನ ಹತ್ತಿರ, ದಪ್ಪ ಭಾರದ ಮ್ಯಾಲೆಟ್‌ನಿಂದ ಶುರು ಮಾಡಿ, ಮೇಲಿನ ಚಕ್ರಗಳಿಗೆ ಬರುತ್ತಾ ಅಂಚಿನ ಕಡೆಗೆ, ಚಿಕ್ಕ ಮ್ಯಾಲೆಟ್‌ಗೆ ಬರುತ್ತೇನೆ. ಒಂದೇ ಗಾಂಗಿನಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿ ಇದು. ಇದಕ್ಕೆ ಶಾಸ್ತ್ರದ ಆಧಾರ ಇಲ್ಲ. ಕೇಳಿ ಕೇಳಿ ನಾನು ಕಂಡುಕೊಂಡದ್ದು.

ಮೊಳೆ ಹೊಡೆದ ಹಾಗೆ ನೇರ ಬಡಿಯಬಾರದು. ಕಾದ ಕಾವಲಿಗೆ ಬೆರಳು ತಾಗಿಸಿ ತಟ್ಟನೆ ತೆಗೆಯುತ್ತೇವಲ್ಲ, ಹಾಗೆ ತಾಗಿಸಿ ತೆಗೆಯಬೇಕು. ಮುಂದಿನ ಪೆಟ್ಟಿಗೆ ಅವಸರ ಬೇಡ. ಹಿಂದಿನ ಅಲೆ ಏರಿ, ಇಳಿಯಲು ಶುರುವಾದಾಗ ಮುಂದಿನದು. ಏರುವಾಗಲೇ ಬಡಿದರೆ ಎರಡೂ ಒಡೆದುಹೋಗುತ್ತವೆ. ದೊಡ್ಡ ನಾದಕ್ಕೆ ಬರಲು ನಾನು ಏಳೆಂಟು ನಿಮಿಷ ತಗೊಳ್ಳುತ್ತೇನೆ. ಅಲ್ಲಿ ಒಂದು ನಿಮಿಷವೂ ನಿಲ್ಲುವುದಿಲ್ಲ, ಮತ್ತೆ ಇಳಿಯುತ್ತೇನೆ.

ಒಟ್ಟು ನುಡಿಸುವುದು 25 ನಿಮಿಷ. ಆಮೇಲೆ ಹತ್ತು ನಿಮಿಷ ಏನೂ ಇಲ್ಲ, ಮಾತೂ ಇಲ್ಲ. ಇದನ್ನು ಮಾತ್ರ ಕತ್ತರಿಸಬೇಡಿ. ಅನಾಹತ ಅಂದರೆ ಬಡಿಯದೆ ಹುಟ್ಟಿದ ನಾದ. ಎದೆಯ ಚಕ್ರಕ್ಕೆ ಹಿಂದಿನವರು ಆ ಹೆಸರನ್ನೇ ಇಟ್ಟಿದ್ದಾರೆ. ಗಾಂಗ್ ನಿಂತ ಮೇಲೂ ಒಳಗೆ ಏನೋ ಕೇಳುತ್ತಲೇ ಇರುತ್ತದೆ ಅಂತ ಜನ ಹೇಳುವುದು ಆ ಹತ್ತು ನಿಮಿಷದ ಬಗ್ಗೆಯೇ.

ಪ್ರಶ್ನೆ (ನಿವೃತ್ತ ಶಿಕ್ಷಕರು, 71 ವರ್ಷ, ದಾವಣಗೆರೆ):

ಶರಣು ತಂಗಿ. ನಾನು ದಿನಾ ಇಷ್ಟಲಿಂಗ ಪೂಜೆ ಮಾಡುವವನು. ಲಂ, ವಂ ಬಾಯಿಗೆ ಒಗ್ಗುವುದಿಲ್ಲ. ನನ್ನ ಮಂತ್ರವನ್ನೇ ಹೇಳಿಕೊಂಡರೆ ತಪ್ಪಾ?

ಉತ್ತರ:

ಶರಣು ಶರಣಾರ್ಥಿ ಅಜ್ಜಾರೆ. ತಪ್ಪೇನು ಬಂತು? ನಿಮಗೆ ಗೊತ್ತಿರುವುದೇ, ಶರಣರ ಷಟ್‌ಸ್ಥಲದಲ್ಲಿ ಚಕ್ರಗಳಿಗೆ ಮಂತ್ರದ ಜೋಡಣೆ ಇದ್ದೇ ಇದೆ. ಆಧಾರದಲ್ಲಿ ಆಚಾರಲಿಂಗ, ನಕಾರ. ಸ್ವಾಧಿಷ್ಠಾನದಲ್ಲಿ ಗುರುಲಿಂಗ, ಮಕಾರ. ಮಣಿಪೂರದಲ್ಲಿ ಶಿವಲಿಂಗ, ಶಿಕಾರ. ಅನಾಹತದಲ್ಲಿ ಜಂಗಮಲಿಂಗ, ವಾಕಾರ. ವಿಶುದ್ಧದಲ್ಲಿ ಪ್ರಸಾದಲಿಂಗ, ಯಕಾರ. ಆಜ್ಞೆಯಲ್ಲಿ ಮಹಾಲಿಂಗ, ಓಂಕಾರ. ನೀವು ಇದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳಿ. ಎಷ್ಟೋ ವರ್ಷ ನಾಲಿಗೆಯಲ್ಲಿ ಪಳಗಿದ ಅಕ್ಷರದ ಮುಂದೆ ನಾನು ಹೇಳಿಕೊಡುವುದು ಏನೂ ಅಲ್ಲ.

ಪ್ರಶ್ನೆ (ಗೃಹಿಣಿ, ದಾವಣಗೆರೆ):

ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ. ಗಾಂಗ್ ಕೇಳಿದರೆ ಮಾತ್ರೆ ಬಿಡಬಹುದು ಅಂತ ಯಾರೋ ಹೇಳಿದರು. ಕರೆದುಕೊಂಡು ಬರಲಾ?

ಉತ್ತರ:

ಕರೆದುಕೊಂಡು ಬನ್ನಿ, ಆದರೆ ಮಾತ್ರೆ ಬಿಡಿಸಬೇಡಿ. ದಯವಿಟ್ಟು. ಬಿಪಿ ಮಾತ್ರೆ ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು.

ಕ್ಯಾಲಿಫೋರ್ನಿಯಾದ ಸಂಶೋಧಕರು 62 ಜನರಿಗೆ ಟಿಬೆಟಿನ ಬಟ್ಟಲು, ಗಾಂಗ್ ಇಂಥವುಗಳ ನಾದ ಕೇಳಿಸಿ, ಮೊದಲೂ ಆಮೇಲೂ ಪ್ರಶ್ನೆ ಕೇಳಿ, 2016ರಲ್ಲಿ ಬರೆದಿದ್ದಾರೆ. ಬಿಗಿತ, ಸಿಟ್ಟು, ಆಯಾಸ, ಬೇಸರ ಕಡಿಮೆಯಾಗಿತ್ತು. ಆದರೆ ಸುಮ್ನೆ ಮಲಗಿದ್ದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ. ಮನಸ್ಸು ಹಗುರಾಗುತ್ತದೆ ಅನ್ನುವುದನ್ನು ನಾನು ಪ್ರತಿ ವಾರ ನೋಡುತ್ತೇನೆ. ಕಾಯಿಲೆ ವಾಸಿ ಮಾಡುತ್ತೇನೆ ಅಂತ ನಾನು ಹೇಳುವುದಿಲ್ಲ, ಹೇಳುವವರ ಹತ್ತಿರ ಹೋಗಲೂಬೇಡಿ.

ಪೇಸ್‌ಮೇಕರ್ ಇರುವವರು, ಮೂರ್ಛೆ ರೋಗ ಇರುವವರು, ತಲೆಗೆ ಪೆಟ್ಟು ಬಿದ್ದವರು, ಬಸುರಿಯರು, ಮಾನಸಿಕ ಕಾಯಿಲೆಗೆ ಔಷಧಿ ತಗೊಳ್ಳುತ್ತಿರುವವರು ವೈದ್ಯರನ್ನು ಕೇಳಿಯೇ ಬರಲಿ. ಕಿವಿಯಲ್ಲಿ ಸದಾ ಗುಂಯ್ ಅನ್ನುವವರು ಬಾರದಿದ್ದರೇ ಒಳ್ಳೆಯದು. ದೊಡ್ಡ ಗಾಂಗನ್ನು ಹತ್ತಿರದಿಂದ ಜೋರಾಗಿ ಬಡಿದರೆ 100 ಡೆಸಿಬಲ್ ದಾಟಬಹುದು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಎಂಟು ಗಂಟೆ ತಡೆಯಬಹುದು. ಮೂರು ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧ. 100ಕ್ಕೆ ಬರೀ 15 ನಿಮಿಷ. ಅದಕ್ಕೇ ಮಲಗಿದವರ ತಲೆ ಗಾಂಗಿನಿಂದ ಎರಡು ಮೀಟರ್ ಆದರೂ ದೂರ ಇರಲಿ. ಶ್ರವಣಯಂತ್ರ ತೆಗೆಸಿಡಿ. ಅಮ್ಮನನ್ನು ನಾನು ಬಾಗಿಲ ಪಕ್ಕ ಮಲಗಿಸುತ್ತೇನೆ, ಸಾಕೆನಿಸಿದರೆ ಎದ್ದು ಹೋಗಲಿ.

ಪ್ರಶ್ನೆ (ಯೋಗ ಶಿಕ್ಷಕಿ, ಚಿತ್ರದುರ್ಗ):

ಕೊನೆಯದು ಅಕ್ಕಾ. ಹುಣ್ಣಿಮೆ ರಾತ್ರಿ ಚಂದ್ರವಳ್ಳಿ ಕಡೆ ಬಯಲಲ್ಲಿ ಇಟ್ಟುಕೊಂಡರೆ ಹೇಗೆ? ಆಮೇಲೆ ತೊಳೆಯುವುದು ಹೇಗೆ?

ಉತ್ತರ:

ಬಯಲು ಬೇಡ. ನಿಮ್ಮೂರಿನ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಸಾಲುಗಟ್ಟಿ ಗಾಳಿಯಂತ್ರ ನಿಲ್ಲಿಸಿದ್ದಾರೆ. ಗಾಂಗ್ ತೂಗಾಡುತ್ತದೆ. ಗೋಡೆ ಇಲ್ಲದೆ ಮಂದ್ರ ನಾದ ಎಲ್ಲೋ ಹೋಗಿಬಿಡುತ್ತದೆ, ಕೀಚಲು ಮಾತ್ರ ಉಳಿಯುತ್ತದೆ. ಸಂರಕ್ಷಿತ ಜಾಗದಲ್ಲಿ ಅನುಮತಿ ಬೇರೆ ಬೇಕು. ಮಹಡಿ ಕೋಣೆಯಲ್ಲೇ ಜಮಖಾನೆ ಹಾಸಿ. ಬರೀ ಟೈಲ್ಸ್ ನೆಲವಾದರೆ ಸದ್ದು ಚುಚ್ಚುತ್ತದೆ. ರಾತ್ರಿ ಹತ್ತರೊಳಗೆ ಮುಗಿಸಿ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ.

ತೊಳೆಯಲೇಬೇಡಿ. ದೇವರ ಪಾತ್ರೆ ಅಂದುಕೊಂಡು ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಿದರೆ ಮೇಲಿನ ಪದರವೇ ಹೋಗುತ್ತದೆ. ಬೆವರಿದ ಕೈಯಲ್ಲಿ ಮುಟ್ಟಬೇಡಿ, ಬೆರಳಿನ ಗುರುತು ಕಪ್ಪಾಗುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು.

ದುಡ್ಡು ಕೊಡುವ ಮೊದಲು ಒಂದು ಭಾನುವಾರ ಇಲ್ಲಿಗೆ ಬನ್ನಿ. 28, 32 ಎರಡೂ ಇವೆ. ಕಣ್ಣು ಮುಚ್ಚಿ ಮಲಗಿ. ಯಾವುದು ಅಂತ ಹೇಳದೆ ಎರಡನ್ನೂ ನುಡಿಸುತ್ತೇನೆ.