ಸಹಾಯ ಬೇಕು: ಅಮ್ಮನನ್ನು ಊಟಿಗೆ ಕರೆದೊಯ್ಯಲೋ, ಕೊಡೈಕೆನಾಲ್‌ಗೋ?

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ದೀಪಾವಳಿ ರಜೆಯಲ್ಲಿ ಅಮ್ಮನನ್ನು ಬೆಟ್ಟದ ಮೇಲಿನ ಕೆರೆಯ ಊರಿಗೆ ಕರೆದೊಯ್ಯಬೇಕೆಂದಿದ್ದೇನೆ. ಅವರಿಗೆ 71 ವರ್ಷ, ಮಂಡಿನೋವು ಬೇರೆ. ಘಟ್ಟದ ತಿರುವುಗಳಂತೂ ಆಗುವುದೇ ಇಲ್ಲ. ಕಳೆದ ವರ್ಷ ಮಹಾಬಳೇಶ್ವರಕ್ಕೆ ಹೋಗುವಾಗ ಪಸರಣಿ ಘಾಟಿನ ಉದ್ದಕ್ಕೂ ನಿಂಬೆಹಣ್ಣನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಕುಳಿತಿದ್ದರು. ನೋಡಿ ಕರುಳು ಚುರ್ರೆಂದಿತು.

ಕುರ್ಲಾದಿಂದ ಕೊಯಮತ್ತೂರಿನವರೆಗೆ ರೈಲು. ಗೊಂದಲ ಶುರುವಾಗುವುದು ಅಲ್ಲಿಂದ ಮುಂದೆ. ಊಟಿಗೆ ರಸ್ತೆಯಲ್ಲಿ ಸುಮಾರು 85 ಕಿ.ಮೀ., ಕೊಡೈಕೆನಾಲ್‌ಗೆ ಹೆಚ್ಚುಕಡಿಮೆ ಅದರ ಎರಡು ಪಟ್ಟು. ಮೆಟ್ಟುಪಾಳ್ಯಂನಿಂದ ಊಟಿಗೆ ಏರುವ ಬೆಟ್ಟದ ರೈಲು ನಿಧಾನ, ಅಮ್ಮನಿಗೆ ಒಗ್ಗೀತು. ಆದರೆ ಮೂರು ದಿನ ಪ್ರಯತ್ನಿಸಿದರೂ ಟಿಕೆಟ್ ಸಿಗಲಿಲ್ಲ.

ನನ್ನ ಮನಸ್ಸು ಎಳೆಯುವುದು ಕೊಡೈಕೆನಾಲ್ ಕಡೆಗೆ. ನಕ್ಷತ್ರದಾಕಾರದ ಆ ಕೆರೆಯ ಸುತ್ತ ಸುಮಾರು 5 ಕಿ.ಮೀ. ದಾರಿಯಿದೆ. ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ ಬೆಳೆದ ಅಮ್ಮನಿಗೆ ನೀರಿನ ಪಕ್ಕ ಕುಳಿತರೆ ಸಾಕು.

ವಯಸ್ಸಾದವರೊಂದಿಗೆ ಎರಡೂ ಊರಿಗೆ ಹೋಗಿಬಂದವರು ದಯವಿಟ್ಟು ತಿಳಿಸಿ: ವಾಂತಿಯ ತೊಂದರೆ ಇರುವವರಿಗೆ ಯಾವ ಘಟ್ಟದ ದಾರಿ ಸಹ್ಯ? ಏರು ಹತ್ತದೆ ಕೆರೆಯ ದಡ ಸೇರಬಹುದಾದ ವಸತಿ ಯಾವ ಊರಿನಲ್ಲಿ ಸುಲಭವಾಗಿ ಸಿಗುತ್ತದೆ?