ಪದಚರ್ಚೆ: ಲೇಟೆನ್ಸಿ, ಥ್ರೂಪುಟ್ ಎರಡಕ್ಕೂ ‘ವೇಗ’ವೇ?

ಜಾವಾ ಪ್ರೋಗ್ರಾಮುಗಳ ಕಾರ್ಯಕ್ಷಮತೆಯನ್ನು ಅಳೆಯುವುದು, ಸುಧಾರಿಸುವುದು ಹೇಗೆ ಎಂದು ಕನ್ನಡದಲ್ಲಿ ವಿವರಿಸುವ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ‘ಕಾರ್ಯಕ್ಷಮತೆ’ ಎಂಬ ಪದ ಬಳಕೆಯಲ್ಲಿ ನೆಲೆಯೂರಿದೆ, ಅದರ ತಂಟೆಗೆ ಹೋಗುವುದಿಲ್ಲ. ತೊಡಕಿರುವುದು ಅದರ ಒಳಗೆ. ಕೋರಿಕೆ ಬಂದ ಗಳಿಗೆಯಿಂದ ಉತ್ತರ ಸಿಗುವವರೆಗೆ ಹಿಡಿಯುವ ಕಾಲ ಲೇಟೆನ್ಸಿ. ಒಂದು ಸೆಕೆಂಡಿನಲ್ಲಿ ಅಂಥ ಎಷ್ಟು ಕೋರಿಕೆಗಳು ಮುಗಿಯುತ್ತವೆ ಎಂಬುದು ಥ್ರೂಪುಟ್. ನಾನು ಓದಿದ ಕನ್ನಡ ಬರಹಗಳಲ್ಲಿ ಎರಡಕ್ಕೂ ‘ವೇಗ’ ಎಂದೇ ಬರೆದಿರುತ್ತಾರೆ. ಇದನ್ನು ಒಪ್ಪಲು ಮನಸ್ಸು ಬರುತ್ತಿಲ್ಲ. ಒಂದನ್ನು ಸರಿಪಡಿಸಲು ಹೋದರೆ ಎಷ್ಟೋ ಸಲ ಇನ್ನೊಂದು ಕೆಡುತ್ತದೆ.

ಗಾರ್ಬೇಜ್ ಕಲೆಕ್ಟರನ್ನೇ ನೋಡಿ. ಬೇಡವಾದ ಆಬ್ಜೆಕ್ಟುಗಳು ಹಿಡಿದಿಟ್ಟ ಮೆಮೊರಿಯನ್ನು ಮರಳಿ ಪಡೆಯುವುದು ಅದರ ಕೆಲಸ. ಪ್ಯಾರಲಲ್ ಕಲೆಕ್ಟರ್ ಪ್ರೋಗ್ರಾಮನ್ನು ಪೂರ್ತಿ ನಿಲ್ಲಿಸಿ, ಹಲವು ಥ್ರೆಡ್‌ಗಳಿಂದ ಒಟ್ಟಿಗೆ ಗುಡಿಸುತ್ತದೆ. ಒಟ್ಟು ಕೆಲಸ ಹೆಚ್ಚು ಸಾಗುತ್ತದೆ, ಆದರೆ ನಿಲುಗಡೆ ದೀರ್ಘವಾಗಬಹುದು. ಜಿ1 ಕಲೆಕ್ಟರ್ ಮೆಮೊರಿಯನ್ನು ಸಣ್ಣ ಸಣ್ಣ ವಲಯಗಳಾಗಿ ವಿಂಗಡಿಸಿಕೊಂಡು, ಬಳಕೆಯಲ್ಲಿರುವ ಆಬ್ಜೆಕ್ಟುಗಳನ್ನು ಗುರುತಿಸುವ ಕೆಲಸದ ಬಹುಪಾಲನ್ನು ಪ್ರೋಗ್ರಾಮು ಓಡುತ್ತಿರುವಾಗಲೇ ಮಾಡುತ್ತದೆ. ನಿಲುಗಡೆಗಳು ಚಿಕ್ಕದಾಗುತ್ತವೆ, ಪ್ರೊಸೆಸರಿನ ದುಡಿಮೆಯಲ್ಲಿ ಒಂದು ಪಾಲು ಅದಕ್ಕೆ ಹೋಗುತ್ತದೆ. 2017ರಲ್ಲಿ ಜಾವಾ 9 ಬಂದಾಗ ಸರ್ವರ್‌ಗಳಲ್ಲಿ ತಾನಾಗಿಯೇ ಆಯ್ಕೆಯಾಗುವ ಕಲೆಕ್ಟರಾಗಿ ಪ್ಯಾರಲಲ್ ಕಲೆಕ್ಟರಿನ ಜಾಗಕ್ಕೆ ಜಿ1 ಬಂತು. ‘ವೇಗಕ್ಕಾಗಿ ಬದಲಾಯಿಸಿದರು’ ಎಂದು ಇದನ್ನು ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ‘ವೇಗವನ್ನು ತುಸು ಬಿಟ್ಟುಕೊಟ್ಟರು’ ಎಂದು ಬರೆದರೂ ತಪ್ಪಾಗುವುದಿಲ್ಲವಲ್ಲ!

ಲೇಟೆನ್ಸಿಗೆ ‘ವಿಳಂಬ’ ಎನ್ನುವವರಿದ್ದಾರೆ. ‘ವಿಳಂಬ’ದಲ್ಲಿ ದೂರಿನ ದನಿಯಿದೆ, ಆಗಬೇಕಾದ ಹೊತ್ತಿಗೆ ಆಗಲಿಲ್ಲ ಎಂಬ ಅರ್ಥವಿದೆ. ಅತ್ಯುತ್ತಮ ಪ್ರೋಗ್ರಾಮಿಗೂ ಲೇಟೆನ್ಸಿ ಇದ್ದೇ ಇರುತ್ತದೆ. ‘ಉತ್ತರಾವಧಿ’ ಎಂದು ಸಮಾಸ ಮಾಡಿದರೆ ‘ನಂತರದ ಅವಧಿ’ ಎಂದು ಕೇಳಿಸುತ್ತದೆ. ಬಿಡಿಸಿ ‘ಉತ್ತರದ ಅವಧಿ’ ಎಂದರೆ ತಿಳಿಯಾಗಿದೆ ಅನ್ನಿಸುತ್ತದೆ. ನೂರು ಕೋರಿಕೆಗಳಲ್ಲಿ 99ಕ್ಕೆ ತಲಾ 10 ಮಿಲಿಸೆಕೆಂಡು, ಒಂದಕ್ಕೆ ಮಾತ್ರ 2 ಸೆಕೆಂಡು ಹಿಡಿಯಿತು ಎಂದುಕೊಳ್ಳಿ. ಸರಾಸರಿ ಸುಮಾರು 30 ಮಿಲಿಸೆಕೆಂಡು, ಅಷ್ಟು ಕಾಲ ತೆಗೆದುಕೊಂಡ ಕೋರಿಕೆ ಒಂದೂ ಇಲ್ಲ. ‘ಉತ್ತರದ ಗರಿಷ್ಠ ಅವಧಿ 2 ಸೆಕೆಂಡು’ ಎಂದು ಸಲೀಸಾಗಿ ಬರೆಯಬಹುದು. ‘ಗರಿಷ್ಠ ವೇಗ’ ಎಂದರೆ ಅರ್ಥವೇ ತಲೆಕೆಳಗಾಗುತ್ತದೆ.

ಥ್ರೂಪುಟ್‌ಗೆ ‘ಹರಿವು’ ಚೆನ್ನಾಗಿದೆ, ಆದರೆ ದತ್ತಾಂಶದ ಹರಿವು, ನಿಯಂತ್ರಣದ ಹರಿವು ಎಂದು ಅದಕ್ಕೆ ಈಗಾಗಲೇ ಬೇರೆ ಕೆಲಸಗಳಿವೆ. ನನ್ನ ಒಲವು ‘ಇಳುವರಿ’ಯ ಕಡೆಗೆ. ಎಕರೆಗೆ ಇಷ್ಟು ಎನ್ನುವಂತೆ ಸೆಕೆಂಡಿಗೆ ಇಷ್ಟು ಎಂಬ ಲೆಕ್ಕ ಆ ಪದದಲ್ಲೇ ಅಡಗಿದೆ.

ಬೆಂಚ್‌ಮಾರ್ಕ್ ಎಷ್ಟು ಹೊತ್ತಾಯಿತು ಎಂದು ಹೇಳುತ್ತದೆ, ಪ್ರೊಫೈಲಿಂಗ್ ಆ ಹೊತ್ತು ಎಲ್ಲಿ ಹೋಯಿತು ಎಂದು ತೋರಿಸುತ್ತದೆ. ಇವೆರಡನ್ನೂ ಹಾಗೆಯೇ ಉಳಿಸಿಕೊಳ್ಳುವುದು ಮೇಲು.

ಇನ್ನೊಂದು ಪದ ನನ್ನನ್ನು ಕಾಡುತ್ತಿದೆ: ವಾರ್ಮ್‌ಅಪ್. ಜಾವಾ ಪ್ರೋಗ್ರಾಮುಗಳನ್ನು ಓಡಿಸುವ ಹಾಟ್‌ಸ್ಪಾಟ್ ಎಂಬ ವರ್ಚುವಲ್ ಯಂತ್ರದಲ್ಲಿ ಮೆಥಡ್ (ಪ್ರೋಗ್ರಾಮಿನೊಳಗಿನ ಹೆಸರಿಟ್ಟ ಕೋಡಿನ ತುಣುಕು) ಮೊದಮೊದಲು ಬೈಟ್‌ಕೋಡಿನ, ಅಂದರೆ ಆ ಯಂತ್ರಕ್ಕೆಂದೇ ಇರುವ ನಡುವಣ ರೂಪದ, ಒಂದೊಂದೇ ಆದೇಶವಾಗಿ ಓಡುತ್ತದೆ. ಮತ್ತೆ ಮತ್ತೆ ಕರೆಸಿಕೊಂಡ ಮೇಲೆ ಅದು ಯಂತ್ರಭಾಷೆಗೆ ಕಂಪೈಲ್ ಆಗುತ್ತದೆ, ಒಳಗೆ ಕರೆಯುವ ಚಿಕ್ಕ ಮೆಥಡ್‌ಗಳು ಅದರಲ್ಲೇ ಬೆರೆತುಹೋಗುತ್ತವೆ. ಮೊದಲ ಕರೆಯನ್ನು ಮಾತ್ರ ಅಳೆದು ‘ಈ ಕೋಡು ನಿಧಾನ’ ಎಂದು ತೀರ್ಪು ಕೊಡುವುದು ಅನ್ಯಾಯ. ಅದಕ್ಕೇ ಜಾವಾ ಕೋಡಿಗೆ ಬೆಂಚ್‌ಮಾರ್ಕ್ ನಡೆಸುವ ಜೆಎಂಎಚ್ ಉಪಕರಣ ಆರಂಭದ ಕೆಲವು ಸುತ್ತುಗಳನ್ನು ಓಡಿಸಿ ಲೆಕ್ಕದಿಂದ ಬಿಟ್ಟುಬಿಡುತ್ತದೆ. ‘ಬಿಸಿ ಮಾಡುವ ಸುತ್ತು’ ಎಂದರೆ ಪ್ರೊಸೆಸರಿನ ಉಷ್ಣತೆಯ ಮಾತು ಎಂದು ಓದುಗರು ತಿಳಿಯುತ್ತಾರೆ. ‘ಪೂರ್ವಾಭ್ಯಾಸ’ ಎಂದರೆ ಕಲಿಕೆಯ ವಾಸನೆ ಬರುತ್ತದೆ. ‘ಹದಗೊಳಿಸುವ ಸುತ್ತು’, ‘ಕೋಡು ಹದಕ್ಕೆ ಬಂದ ಮೇಲೆ ಅಳೆಯಿರಿ’ ಎನ್ನಬಹುದೇ?

ಬಲ್ಲವರು ಈ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕೆಂದು ಕೋರುತ್ತೇನೆ: ‘ಜಿ1ಕ್ಕೆ ಬದಲಾಯಿಸಿದ ಮೇಲೆ ಇಳುವರಿ ತುಸು ತಗ್ಗಿತು, ಉತ್ತರದ ಗರಿಷ್ಠ ಅವಧಿ ಅರ್ಧಕ್ಕಿಳಿಯಿತು.’ ಮೊದಲ ಓದಿಗೇ ಅರ್ಥವಾಯಿತೇ, ಅಥವಾ ‘ಇಳುವರಿ’ ಕಂಡೊಡನೆ ಓದು ತಡವರಿಸಿತೇ? ತಡವರಿಸಿದ್ದರೆ ಬದಲಿಗೆ ಯಾವ ಪದ ಹಾಕುತ್ತೀರಿ?